ಒಡ್ಡು ಸೋರಿದ ದಿನ ಭಾವನವರಿಗೆ ಹೇಳಿದ ಮಾತು

ಮುನ್ನಿ, ಪಿಂಟ್ಯಾ, ನೀವು ದಿನಾ ಓಡಾಡುವ ನಮ್ಮ ಒಡ್ಡು ಒಂದು ಸಲ ಒಡೆಯಲು ಹೊರಟಿತ್ತು. ಬಾಯಿಬಿಟ್ಟು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ.

ಮೋರಖಂಡಿ ದಾರಿಯ ನಮ್ಮ ಹೊಲದಲ್ಲಿ ಹಳ್ಳಕ್ಕೆ ಅಡ್ಡವಾಗಿ ನಿಮ್ಮ ಮುತ್ತಜ್ಜ ಕೆಂಪು ಮಣ್ಣಿನ ಈ ಒಡ್ಡು ಹಾಕಿದರು. ಅದು ಸರ್ಕಾರದ್ದಲ್ಲ, ನಮ್ಮದೇ. ಹಾಗಾಗಿ ಅದನ್ನು ನೋಡಲು ಯಾವ ಸಾಹೇಬರೂ ಬರುವುದಿಲ್ಲ. ನೀರು ಹೆಚ್ಚಾದರೆ ಹರಿದುಹೋಗಲಿ ಎಂದು ಒಂದು ತುದಿಯಲ್ಲಿ ಕೋಡಿ ಬಿಟ್ಟಿದ್ದರು. ನನ್ನ ಭಾವ, ಅಂದರೆ ನಿಮ್ಮ ದೊಡ್ಡಜ್ಜ, ಕಬ್ಬಿಗೆ ಇನ್ನಷ್ಟು ನೀರು ನಿಲ್ಲಲಿ ಎಂದು ಆ ಕೋಡಿಗೆ ಕಲ್ಲು ಪೇರಿಸಿ ಮಣ್ಣು ಮೆತ್ತಿಬಿಟ್ಟಿದ್ದರು. ಮಳೆಗಾಲದಲ್ಲಿ ಕೊಡೆ ಹಿಡಿದು ಒಡ್ಡಿನ ಮೇಲೆ ಕುಳಿತು, ತುಂಬಿದ ನೀರನ್ನು ಮದುಮಗಳನ್ನು ನೋಡುವ ಹಾಗೆ ನೋಡುತ್ತಿದ್ದರು.

ಅವತ್ತು ಮಳೆ ನಿಂತು ಒಡ್ಡಿನ ನೀರು ತಿಳಿಯಾಗಿತ್ತು. ನಾನು ಒಡ್ಡಿನ ಕೆಳಗೆ ಎಮ್ಮೆ ಮೇಯಿಸುತ್ತಿದ್ದೆ. ಬುಡದಲ್ಲಿ ಒಂದು ಕಡೆ ನೀರು ಜಿನುಗುವುದು ಹಳೆಯ ಸಂಗತಿಯೇ. ಆದರೆ ಆ ದಿನ ಅದು ಬುಳುಬುಳು ಉಕ್ಕುತ್ತಿತ್ತು, ಅದೂ ಕೆಂಪಗೆ. ಮೇಲೆ ತಿಳಿ, ಕೆಳಗೆ ಕೆಂಪು ಎಂದರೆ ನೀರು ಒಳಗಿನಿಂದ ಒಡ್ಡನ್ನೇ ತಿನ್ನುತ್ತಾ ಬರುತ್ತಿದೆ ಎಂದಾಯಿತು. ಅದರ ಕೆಳಗೇ ನಮ್ಮ ಮನೆ. ಮನೆಯೊಳಗೆ ನಿನ್ನವ್ವ, ತೊಟ್ಟಿಲಲ್ಲಿ ನೀನು, ಮುನ್ನಿ.

ಭಾವನವರು ಮೇಲೆಯೇ ಕುಳಿತಿದ್ದರು, ಕೂಗಿದರೆ ಕೇಳುವಷ್ಟು ಹತ್ತಿರ. ಆದರೆ ಕೂಗುವುದು ಹೇಗೆ? ನಮ್ಮ ಕಡೆ ಗಂಡನ ಅಣ್ಣನ ಜೊತೆ ನೇರ ಮಾತಿಲ್ಲ. ಮದುವೆಯಾಗಿ ಬಂದಾಗಿನಿಂದ ನಾನು ಅವರಿಗೆ ರೊಟ್ಟಿ ಬಡಿದಿದ್ದೆನೇ ಹೊರತು ಒಂದು ಮಾತೂ ಆಡಿರಲಿಲ್ಲ. ನಿಮ್ಮಜ್ಜ ಇರುವವರೆಗೆ ಅವರ ಮೂಲಕ, ಆಮೇಲೆ ನನ್ನ ನೆಗೆಣ್ಣಿಯ ಮೂಲಕ, ಅಂದರೆ ಭಾವನವರ ಹೆಂಡತಿಯ ಮೂಲಕ, ನಮ್ಮ ಮಾತು ಸಾಗುತ್ತಿತ್ತು. ನೆಗೆಣ್ಣಿ ಬೆಳಿಗ್ಗೆಯೇ ಹುಮನಾಬಾದಿಗೆ ಹೋಗಿದ್ದಳು. ಫೋನ್ ಹಚ್ಚಿದೆ.

“ಬಸ್ಸಿನಾಗ ಅದೀನಿ, ಏನೂ ಕೇಳವಲ್ದು! ಬಳಿ ಯಾವ ಬಣ್ಣದ್ದು ತರ್ಲಿ?” ಎಂದಳು. ಫೋನ್ ಕಟ್ಟಾಯಿತು.

ಉಳಿದದ್ದು ಎಮ್ಮೆ. ಸೆರಗು ಮುಂದೆಳೆದುಕೊಂಡು ಅದಕ್ಕೇ ಜೋರಾಗಿ ಹೇಳಿದೆ: “ಏ ಎಮ್ಮಿ, ನೋಡಿದೇನ? ಒಡ್ಡಿನ ಬುಡದಾಗ ಕೆಂಪು ನೀರು ಬರಾಕತ್ತಾವ. ಕೋಡ್ಯಾಗಿನ ಕಲ್ಲು ತೆಗೀಬೇಕಂತ ಯಾರಿಗರೆ ತಿಳೀತದೇನು?”

ಭಾವನವರು ಎಮ್ಮೆಯನ್ನೇ ನೋಡಿ ಉತ್ತರ ಕೊಟ್ಟರು: “ಎಮ್ಮಿ, ಮಳಿಗಾಲದಾಗ ನೀರು ಕೆಂಪ ಇರದ ಹಾಲಿನಂಗ ಇರ್ತಾವೇನು?”

“ಎಮ್ಮಿ, ಮ್ಯಾಲಿನ ನೀರು ತಿಳಿ ಅದಾವಲ್ಲ! ಕಣ್ಣಿದ್ದವರು ನೋಡಬೇಕು.”

“ಎಮ್ಮಿ, ನನ್ನ ಕಣ್ಣು ಚೊಲೋ ಅದಾವ. ಕಲ್ಲು ತೆಗದ್ರ ಕಬ್ಬಿಗೆ ನೀನು ನೀರು ಹೊತ್ತು ಹಾಕ್ತಿಯೇನು?”

ಎಮ್ಮೆಗೆ ಇಬ್ಬರ ಮಾತೂ ಬೇಸರವಾಗಿ ಹುಲ್ಲು ಹುಡುಕುತ್ತಾ ಹೊರಟಿತು. ಹೇಳುವುದು ಬಾಕಿ ಇತ್ತು, ನಾನು ಅದರ ಹಿಂದೆ ಹೋದೆ. ಅವರಿಗೂ ಬಾಕಿ ಇತ್ತು, ಒಡ್ಡು ಇಳಿದು ಅದರ ಇನ್ನೊಂದು ಮಗ್ಗುಲಿಗೆ ಬಂದರು. ಹೀಗೆ ನಡುವೆ ಎಮ್ಮೆ, ಆಚೀಚೆ ನಾವು, ವಾದ ಮಾಡುತ್ತಾ ನಡೆದೆವು. ದಾರಿಯಲ್ಲಿ ಹೋಗುತ್ತಿದ್ದವನೊಬ್ಬ ಬೈಕು ನಿಲ್ಲಿಸಿದ.

“ಕಾಕಾ, ಎಮ್ಮಿ ಮಾರಾಕತ್ತೀರೇನ್ರಿ?”

“ಇಲ್ಲಪಾ, ಸಲಹಾ ಕೇಳಾಕತ್ತೇವಿ. ನೀ ನಡಿ!” ಎಂದರು ಭಾವನವರು.

ಅಷ್ಟರಲ್ಲಿ ಎಮ್ಮೆ ತಿರುಗಿ ಬಂದು, ಆ ಕೆಂಪು ನೀರು ಉಕ್ಕುವ ಜಾಗದಲ್ಲೇ ಆರಾಮಾಗಿ ಮಲಗಿ ಹೊರಳಾಡಿತು. ಭಾವನವರು ಗೆದ್ದವರ ಹಾಗೆ ನಕ್ಕರು. “ನೋಡು ಎಮ್ಮಿ, ನೀನs ರಾಡಿ ಮಾಡ್ತಿ, ನೀನs ಚಾಡಿ ಹೇಳ್ತಿ!”

ಅದರ ಹೊಟ್ಟೆಯ ಕೆಳಗಿನಿಂದ ನೀರು ಇನ್ನೂ ದಪ್ಪಗೆ ನುಗ್ಗುತ್ತಿತ್ತು. ಮನೆಯ ಕಡೆಯಿಂದ ನೀನು ಅಳುವುದು ಕೇಳಿತು. ನನಗೆ ಸೆರಗೂ ಮರೆತುಹೋಯಿತು, ಎಮ್ಮೆಯೂ ಮರೆತುಹೋಯಿತು.

“ಭಾವನೋರs! ಕೂಸು ಮನಿಯಾಗ ಅದ! ಮದ್ಲ ಕೋಡಿ ಬಿಚ್ಚರಿ!”

ಅವರು ನನ್ನನ್ನು ನೋಡಿದರು, ಆಮೇಲೆ ನೆಲ ನೋಡಿದರು. ಶಾಲೆಯ ಹುಡುಗನ ಹಾಗೆ “ಹೂಂನ್ರಿ ಅವ್ವಾ, ಬಿಚ್ತೀನ್ರಿ” ಎಂದು ಧೋತರ ಎತ್ತಿಕಟ್ಟಿ ಓಡಿದರು. ನಾನು ಮನೆಗೆ ಓಡಿ, ನಿನ್ನನ್ನೂ ನಿನ್ನವ್ವನನ್ನೂ ದಿಬ್ಬದ ಮೇಲೆ ಕೂರಿಸಿ ಬಂದೆ.

ಅವರು ಮೇಲಿನ ಕಲ್ಲುಗಳಿಂದ ಶುರುಮಾಡಿ ಒಂದೊಂದಾಗಿ ತೆಗೆದರು. ನೀರು ಕೋಡಿಯ ಮೇಲೆ ಹರಿದು ಹಳ್ಳ ಸೇರಿತು. ಒಡ್ಡಿನ ನೀರು ಇಳಿದ ಹಾಗೆ ಬುಡದ ನೀರಿನ ಜೋರೂ ಇಳಿಯಿತು. ಎಮ್ಮೆಯನ್ನು ಬಡಿದೆಬ್ಬಿಸಿ, ಆ ಜಾಗಕ್ಕೆ ಉಸುಕು, ಅದರ ಮೇಲೆ ಸಣ್ಣ ಹರಳುಕಲ್ಲು ಹಾಕಿ, ಸುತ್ತ ಉಸುಕಿನ ಚೀಲ ಒಟ್ಟಿದೆವು. ಸಂಜೆಗೆ ಮಣ್ಣು ಬರುವುದು ನಿಂತು ತಿಳಿನೀರು ಜಿನುಗತೊಡಗಿತು. ಬೇಸಿಗೆಯಲ್ಲಿ ನೀರು ಬತ್ತಿದ ಮೇಲೆ ಬಸವಕಲ್ಯಾಣದಿಂದ ಒಬ್ಬ ಇಂಜಿನಿಯರನ್ನು ಕರೆಸಿ ಅಗೆಸಿದರೆ ಒಳಗೆ ಹೆಗ್ಗಣದ ದೊಡ್ಡ ಬಿಲ ಸಿಕ್ಕಿತು. ಇಂಜಿನಿಯರು ಹೇಳಿದ ಹಾಗೆ ಹಸಿ ಜಿಗುಟು ಮಣ್ಣು ತುಂಬಿ, ಧಮ್ಮಸ್ಸು ಬಡಿಸಿ ಗಟ್ಟಿ ಮಾಡಿಸಿದೆವು.

ಒಡ್ಡು ಸೋರಿದ ದಿನವೇ ನೆಗೆಣ್ಣಿ ಬಳೆ ಹಿಡಿದು ಬಂದಾಗ ಭಾವನವರು ಒಡ್ಡಿನ ಸುದ್ದಿ ಎತ್ತಲೇ ಇಲ್ಲ. “ಕೇಳಿದೇನ? ತಮ್ಮನ ಹೇಣ್ತಿ ನನ್ನ ಕೂಡ ಮಾತಾಡಿದ್ಳು!” ಎಂದರು. ಅದಕ್ಕೆ ಅವಳು, “ಮಾತಾಡಿದ್ಳೋ, ಬೈದ್ಳೋ?” ಎಂದು ಕೇಳಿದಳು.

ಈಗ ಅವರು ಯಾರ ಮದುವೆಗೆ ಹೋದರೂ, ಕೆಂಪು ನೀರನ್ನು ಮೊದಲು ಕಂಡವರು ತಾವೇ ಎಂದು ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ. ಆದರೆ ಮುಂದೆ ಈ ಒಡ್ಡು ನಿಮ್ಮದು. ಹೆಗ್ಗಣಗಳು ಇನ್ನೂ ಇವೆ, ಕೋಡಿಗೆ ಕಲ್ಲಿಡುವ ಆಸೆಯವರೂ ಇದ್ದಾರೆ. ಮಳೆಗಾಲ ಬಂದಾಗ ಬುಡದ ನೀರಿನ ಬಣ್ಣ ನೋಡಿ, ಕೆಂಪಾಗಿದ್ದರೆ ಎದುರಿಗಿರುವವರಿಗೆ ನೇರ ಹೇಳಿ. ಈ ಹಾಳೆಗಳನ್ನು ಹುಳ ತಿನ್ನದ ಕಡೆ ಜೋಪಾನವಾಗಿಡಿ, ದೊಡ್ಡಜ್ಜನ ಕೈಗೆ ಮಾತ್ರ ಕೊಡಬೇಡಿ.