ನೀರು ಯಾರಿಗೆ ಬಿಡಬೇಕು

ಪತ್ರಿಕೆಯ ಕೆಲಸ ಬಿಟ್ಟು ಶಿಕಾರಿಪುರದ ಕಾಲೇಜಿಗೆ ಬಂದ ನನಗೆ ಸಿಕ್ಕಿದ್ದು ಬರವಣಿಗೆಯ ತರಗತಿ. ಪ್ರಬಂಧದಲ್ಲಿ ವಾದ ಮಂಡಿಸುವುದನ್ನು ಕಲಿಸಬೇಕು. ಸೊರಬದಿಂದ ಬಸ್ಸಿನಲ್ಲಿ ಬರುವ ಸಸ್ಯಶಾಸ್ತ್ರದ ಮೇಡಂ ಪಕ್ಕದ ಕೋಣೆಯಲ್ಲಿ ಅದನ್ನೇ ಕಲಿಸುತ್ತಿದ್ದರು. ಮುಂದಿನ ವರ್ಷ ಎಲ್ಲ ವಿಭಾಗಗಳಿಗೂ ಒಂದೇ ತರಗತಿ, ಅದನ್ನು ಯಾರು ಕಲಿಸಬೇಕೆಂದು ನಿಮ್ಮಿಬ್ಬರ ವಿದ್ಯಾರ್ಥಿಗಳ ಪ್ರಬಂಧ ಓದಿ ಹೇಳುತ್ತೇನೆ ಎಂದರು ಪ್ರಾಂಶುಪಾಲರು. ವಿಷಯ: ಅಂಜನಾಪುರ ಜಲಾಶಯದ ನೀರನ್ನು ಕಾಲುವೆಯ ಮೊದಲ ಹೊಲಗಳಿಗೆ ಮೊದಲು ಬಿಡಬೇಕೋ, ಕೊನೆಯ ಹೊಲಗಳಿಗೋ.

ಆ ತರಗತಿ ನನಗೇ ಬೇಕಿತ್ತು.

ನನ್ನ ನಿಯಮ ಸುದ್ದಿಮನೆಯದು. ಪ್ರತಿ ಮಾತಿಗೂ ಹೇಳಿದವರು ಯಾರೆಂದು ಇರಬೇಕು, ಬರೆಯುವವರ ಅಭಿಪ್ರಾಯ ಇರಬಾರದು. ನನ್ನ ವಿದ್ಯಾರ್ಥಿಗಳು ಮೌನವಾಗಿ ಬರೆದುಕೊಳ್ಳುತ್ತಿದ್ದರು. ಪಕ್ಕದ ಕೋಣೆಯಿಂದ ನಗು ಬರುತ್ತಿತ್ತು. ಒಂದು ದಿನ ಕಾರಿಡಾರಿನಲ್ಲಿ ನೋಟಿಸ್ ಬೋರ್ಡ್ ಓದುವವನಂತೆ ನಿಂತೆ.

"ಕೊನೆ ಹೊಲಕ್ಕೇ ಮೊದ್ಲು ಬಿಡ್ಬೇಕು," ಎಂದಳು ವಾಣಿಜ್ಯ ವಿಭಾಗದ ಹುಡುಗಿ.

"ನಿಮ್ಮ ಹೊಲ ಕೊನೇಲೈತಲ್ಲ, ಅದಕ್ಕೆ!" ಎಂದ ರಸಾಯನಶಾಸ್ತ್ರದ ಹುಡುಗ. ಎಲ್ಲರೂ ನಕ್ಕರು.

"ನಗಿ, ಅಡ್ಡಿಲ್ಲ," ಎಂದರು ಮೇಡಂ. "ಇವನ ಬಾಯಿ ಮುಚ್ಸೋಕೆ ಏನು ಬೇಕೇ ಹುಡುಗಿ? ದಾರೀಲಿ ಎಷ್ಟು ನೀರು ಇಂಗುತ್ತೆ ಅಂತ ಇವನು ಅಳತೆ ಕೇಳ್ತಾನೆ. ಹಿಂದೆ ಹೆಂಗೆ ಬಿಡ್ತಿದ್ರು ಅಂತ ಚರಿತ್ರೆಯೋರು ಕೇಳ್ತಾರೆ. ಇಬ್ಬರಿಗೂ ಉತ್ತರ ಬರಿ."

ಶಿಸ್ತಿಲ್ಲ ಎಂದುಕೊಂಡೆ. ನನ್ನ ತರಗತಿಯಲ್ಲಿ ಯಾರೂ ಅಳತೆ, ಚರಿತ್ರೆ ಎಂದು ಕೇಳಿರಲಿಲ್ಲ. ಎಷ್ಟು ಪುಟ ಸಾರ್ ಎಂದಷ್ಟೇ ಕೇಳುತ್ತಿದ್ದರು.

ಪ್ರಾಂಶುಪಾಲರು ನನ್ನ ವಿದ್ಯಾರ್ಥಿಗಳ ಪ್ರಬಂಧಗಳ ಕಟ್ಟನ್ನು ಪೂರ್ತಿ ಓದಿದ್ದರು. "ಎಲ್ಲ ಬಾಳ ಚೆನ್ನಾಗಿ ಬರ್ದಾರ್ರೀ. ಆದ್ರೆ ನೀರು ಯಾರಿಗೆ ಬಿಡ್ಬೇಕ್ರೀ?"

"ಅದನ್ನ ಓದುಗರು ತೀರ್ಮಾನಿಸ್ಬೇಕು ಸರ್."

"ಓದಿದವ್ನು ನಾನೇ ಅಲ್ಲೇನ್ರೀ? ಎಲ್ಲಾರೂ ಎರಡೂ ಕಡೆ ಹೇಳಿ ಕೈ ತೊಳ್ಕೊಂಡಾರೆ."

ತರಗತಿ ಮೇಡಂಗೆ ಹೋಯಿತು. ಸ್ಟಾಫ್ ರೂಮಿನಲ್ಲಿ ಅವರೇ ಬಂದು, "ನೀವೂ ಬಂದು ಕೂತ್ಕೊಳಿ ಸರ್. ಯಾರು ಹೇಳಿದ್ದು ಅಂತ ಪಟ್ಟು ಹಿಡಿದು ಕೇಳೋರು ಬೇಕು, ನಂಗೆ ಮರ್ತೇ ಹೋಗುತ್ತೆ," ಎಂದರು. ಅದರಲ್ಲಿ ವ್ಯಂಗ್ಯ ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಹೋಗದೆ ಇರಬಹುದಿತ್ತು.

ಈ ವರ್ಷ ಕೊನೆಯ ಬೆಂಚಿನಲ್ಲಿ ಕೂರುತ್ತೇನೆ. ಮೊದಲ ದಿನ ಒಬ್ಬ ಹುಡುಗ ತನ್ನ ವಾದ ಹೇಳಿದಾಗ, "ಯಾರು ಹೇಳಿದ್ದು?" ಎಂದೆ. ಇಡೀ ತರಗತಿ ನನ್ನತ್ತ ತಿರುಗಿತು. ನನ್ನ ಕೋಣೆಯಲ್ಲಿ ಎಂದೂ ಕಾಣದ ಮುಖಗಳು ಅವು. ಹುಡುಗ ತಡವರಿಸಿ ಉತ್ತರ ಕೊಟ್ಟ. ಅದು ಸರಿಯೋ ಅಲ್ಲವೋ ಎಂದು ತಿಳಿಯಲು ಎಲ್ಲರೂ ಮತ್ತೆ ಮೇಡಂ ಕಡೆ ತಿರುಗಿದರು.