ಪೇಟಿಗೆ ಸಿಗದ ಗಂಧಾರ

ಸಭಾಗೃಹದ ಬಾಗಿಲುಗಳಿಗೆ ಹೊಸದಾಗಿ ಬಣ್ಣ ಬಳಿದಿದ್ದರು. ವೇದಿಕೆಯ ಮೇಲಿನ ನಮ್ಮ ಕುರ್ಚಿಗಳವರೆಗೂ ಥಿನ್ನರ್ ವಾಸನೆ ಬರುತ್ತಿತ್ತು. ನಾವು ನಾಲ್ವರು ಸಂಗೀತದವರು ಸಾಲಾಗಿ ಕೂತಿದ್ದೆವು. ನಮ್ಮ ನಮ್ಮ ಸಂಗೀತಕ್ಕೆ ಪ್ರೇರಣೆ ಯಾರು ಎಂಬುದು ಅವತ್ತಿನ ಮಾತುಕತೆಯ ವಿಷಯ. ಕೊಳಲಿನವರು ಬಾಲ್ಯದಲ್ಲಿ ಕೇಳಿದ ಮಿಲ್ಲಿನ ಭೋಂಗಾದ, ಅಂದರೆ ಪಾಳಿಯ ಸೈರನ್ನಿನ, ಬಗ್ಗೆ ಹೇಳಿ ಚಪ್ಪಾಳೆ ಗಿಟ್ಟಿಸಿದರು. ತಬಲಾದವರು ಬೈಕುಲ್ಲಾದ ತಗಡಿನ ವರ್ಕ್‌ಶಾಪಿನ ಸುತ್ತಿಗೆ ಪೆಟ್ಟು ಎಂದರು. ಇಂಥ ಕಡೆ ಎಲ್ಲರ ಬಳಿಯೂ ಒಂದು ಚೆಂದದ ಕಥೆ ಇರುತ್ತದೆ. ನನ್ನ ಸರದಿ ಹತ್ತಿರ ಬಂದಂತೆ ಆ ವಾಸನೆಯೇ ಮೂಗು ತುಂಬಿತ್ತು.

ಕಾಕಾ ಹತ್ತಿರ ಬಂದರೆ ಇದೇ ವಾಸನೆ...

ವಿಕ್ರೋಳಿಯ ನಮ್ಮ ಚಾಳಿನಲ್ಲಿ ಅವರದು ಪಕ್ಕದ ಖೋಲಿ. ಬಾಗಲಕೋಟೆ ಕಡೆಯವರು. ಒಂದು ಕಾರ್ಖಾನೆಯಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣ ಹೊಡೆಯುವ ಕೆಲಸ. ಎಷ್ಟು ತಿಕ್ಕಿ ಸ್ನಾನ ಮಾಡಿದರೂ ಉಗುರಿನ ಸಂದಿಯಲ್ಲಿ ಹಸಿರು ಬಣ್ಣವೋ ಬೂದು ಬಣ್ಣವೋ ಉಳಿದಿರುತ್ತಿತ್ತು. ನಾವು ಉಡುಪಿ ಕಡೆಯವರು, ಆದರೂ ಚಾಳಿನ ಎಲ್ಲರಂತೆ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದೆವು. ಸೋಮವಾರ ಸಂಜೆ ಚಾಳಿನ ಗ್ಯಾಲರಿಯಲ್ಲಿ ಅವರ ಊರ ಕಡೆಯವರೆಲ್ಲ ಸೇರಿ ಭಜನೆ ಮಾಡುತ್ತಿದ್ದರು. ಏಕತಾರಿ ಹಿಡಿದು ಮುಂದೆ ಹಾಡುವವರು ಕಾಕಾ. ವಾರವಿಡೀ ಕಾರ್ಖಾನೆಯ ಮುಕಾದಮನ ಎದುರು ತಲೆ ತಗ್ಗಿಸಿ ನಿಲ್ಲುವ ಮನುಷ್ಯ ಆ ಒಂದು ಗಂಟೆ ನೆಟ್ಟಗೆ ಕೂರುತ್ತಿದ್ದರು. ತಮ್ಮದು ಅಂತ ಅವರಿಗೆ ಇದ್ದದ್ದು ಅದೊಂದೇ. ಹಾಡು ಮೇಲೇರುವಾಗ ಒಂದು ಸ್ವರದ ಹತ್ತಿರ ಬಂದು ಅವರ ದನಿ ತುಸು ತಡೆದು ನಿಲ್ಲುತ್ತಿತ್ತು... ಹೇಗೆ ಹೇಳಲಿ, ಅಳು ಬರುವ ಮೊದಲು ಗಲ್ಲ ನಡುಗುತ್ತದಲ್ಲ, ಹಾಗೆ. ಭಾಷೆ ಬಾರದ ಮರಾಠಿ ಹೆಂಗಸರು ಕೂಡ ಅಕ್ಕಿ ಆರಿಸುವುದನ್ನು ನಿಲ್ಲಿಸಿ ಕೇಳುತ್ತಿದ್ದರು.

ನನಗಾಗ ಹದಿನೇಳು. ಘಾಟ್ಕೋಪರಿನ ಕ್ಲಾಸಿಗೆ ಹೋಗಿ ಹಾರ್ಮೋನಿಯಂ ಕಲಿತು, ಪರೀಕ್ಷೆಯಲ್ಲಿ ಮೊದಲ ದರ್ಜೆ ಪಡೆದಿದ್ದೆ. ತಲೆಯ ಮೇಲೆ ಕೊಂಬು ಮೂಡಿತ್ತು. ರಿಸಲ್ಟ್ ಕೇಳಿ ನನಗಿಂತ ಹೆಚ್ಚು ಹಿಗ್ಗಿದವರು ಕಾಕಾ. ಹಾರ್ಮೋನಿಯಂ ಅವರ ಬಾಯಲ್ಲಿ ಪೇಟಿ. ಭಜನೆಗೆ ಪೇಟಿ ತಗೊಂಡು ಬಾ ಎಂದು ಅವರೇ ಕರೆದರು. ಹೋದೆ, ಜೊತೆಗೆ ನುಡಿಸತೊಡಗಿದೆ. ಆ ಸ್ವರ ಬಂತು, ಗಂಧಾರ. ಪೇಟಿಯಲ್ಲಿ ಅದಕ್ಕಿರುವುದು ಅಕ್ಕಪಕ್ಕದ ಎರಡೇ ಕೀ. ಕೋಮಲ ಗಂಧಾರ ಒತ್ತಿದರೆ ಅವರ ದನಿ ಅದಕ್ಕಿಂತ ಮೇಲೆ, ಶುದ್ಧ ಗಂಧಾರ ಒತ್ತಿದರೆ ಅದಕ್ಕಿಂತ ಕೆಳಗೆ. ಎರಡು ಸಲ ನೋಡಿದೆ. ಮೂರನೇ ಸಲ ನುಡಿಸುವುದನ್ನೇ ನಿಲ್ಲಿಸಿದೆ.

"ಕಾಕಾ, ನಿಮ್ಮ ಗಂಧಾರ ಬೇಸೂರು ಆಗ್ತದೆ, ಸ್ವರಕ್ಕೆ ಸರಿ ಕೂರೋದಿಲ್ಲ," ಎಂದೆ. ಎಲ್ಲರೆದುರು.

ತಾಳ ನಿಂತಿತು. ಅವರಿಗೆ ಸಿಟ್ಟು ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಎರಡಕ್ಷರ ಕಲಿತವರ ಮೇಲೆ ಅವರಿಗೆ ಎಂಥ ನಂಬಿಕೆಯೆಂದರೆ, ಕೈಮುಗಿಯುವುದೊಂದು ಬಾಕಿ. "ಹೌದೇನವಾ? ಪೇಟಿ ಸುಳ್ಳ ಹೇಳಂಗಿಲ್ಲ ಬಿಡು. ನೀನ ತಿದ್ದು," ಎಂದರು.

ತಿದ್ದಿದೆ. ದಿನಾ ಸಂಜೆ ಡ್ಯೂಟಿ ಮುಗಿಸಿ ಬಂದು, ಚಹಾ ಕುಡಿದು, ನಮ್ಮ ಹೊಸ್ತಿಲ ಬಳಿ ಕೂರುತ್ತಿದ್ದರು. ನಾನು ಶುದ್ಧ ಗಂಧಾರ ಒಂದನ್ನೇ ಒತ್ತಿ ಹಿಡಿಯುವುದು, ಐವತ್ತು ದಾಟಿದ ಅವರು ಅದಕ್ಕೆ ದನಿ ಕೂಡಿಸುವುದು. ಮಳೆಗಾಲ ಮುಗಿಯುವಷ್ಟರಲ್ಲಿ ಅವರ ಗಂಧಾರ ಪೇಟಿಗೆ ಸರಿಯಾಗಿ ಹೊಂದಿಕೊಂಡಿತು. ಹಾಡು ಮಾತ್ರ ಸತ್ತಿತ್ತು. ಆ ಸ್ವರದ ಹತ್ತಿರ ಬಂದಾಗಲೆಲ್ಲ ಅವರು ಹೆದರಿ ನನ್ನ ಮುಖ ನೋಡುತ್ತಿದ್ದರು. ಹೆಂಗಸರು ಅಕ್ಕಿ ಆರಿಸುತ್ತಲೇ ಇದ್ದರು. ದೀಪಾವಳಿಯ ಹೊತ್ತಿಗೆ ಏಕತಾರಿಯನ್ನು ಬೇರೆಯವರ ಕೈಗೆ ಕೊಟ್ಟು, ಹಿಂದಿನ ಸಾಲಿನಲ್ಲಿ ತಾಳ ಹಿಡಿದು ಕೂತರು. ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, "ನಲವತ್ತ ವರ್ಷ ದೇವರ ಮುಂದ ತಪ್ಪ ಹಾಡೇನ್ರಿ. ಇನ್ನ ಸಾಕು," ಎಂದರು. ನಾನು ಅಲ್ಲೇ ಇದ್ದೆ. ಆ ಮಾತು ಕೇಳಿಯೂ ನನಗೇನೂ ಅನ್ನಿಸಲಿಲ್ಲ. ಅವರಿಗೆ ಉಪಕಾರ ಮಾಡಿದ್ದೇನೆ ಎಂದುಕೊಂಡಿದ್ದೆ.

ಹನ್ನೆರಡು ವರ್ಷ ಕಳೆದ ಮೇಲೆ, ನಾನೊಂದು ನಾಟಕಕ್ಕೆ ಸಂಗೀತ ಮಾಡುತ್ತಿದ್ದಾಗ, ಸಾರಂಗಿ ನುಡಿಸಲು ಬಂದ ಹಿರಿಯರೊಬ್ಬರು ಅದೇ ಜಾಗದಲ್ಲಿ ಬೆರಳಿಟ್ಟರು. ಎರಡು ಗಂಧಾರಗಳ ನಡುವೆ. ಕಾಕಾರ ಸ್ವರ. ಇದು ಯಾವ ಗಂಧಾರ ಎಂದು ಕೇಳಿದೆ. ಹಾರ್ಮೋನಿಯಂನಲ್ಲಿ ಹುಡುಕಬೇಡ ಬೇಟಿ, ಅದರಲ್ಲಿ ಇದಕ್ಕೆ ಜಾಗವಿಲ್ಲ ಎಂದು ಅವರು ನಕ್ಕರು. ಹಾಡುವವರು ತಲೆತಲಾಂತರದಿಂದ ಹಾಗೇ ಹಾಡುತ್ತ ಬಂದಿದ್ದಾರಂತೆ.

ಕಾಕಾ ಅಷ್ಟರಲ್ಲಿ ನಿವೃತ್ತರಾಗಿ ಬಾಗಲಕೋಟೆಯ ಮಗಳ ಮನೆ ಸೇರಿದ್ದರು. ಅವತ್ತೇ ಫೋನ್ ಮಾಡಿದೆ. ನಿಮ್ಮದು ಸರಿಯಿತ್ತು ಕಾಕಾ, ತಪ್ಪು ನನ್ನದು, ಮೊದಲಿನ ಹಾಗೆ ಒಂದು ಸಲ ಹಾಡಿ ಎಂದು ಗೋಗರೆದೆ. ಅತ್ತ ಅವರು ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು. ಎರಡು ಸಲ ಶುರು ಮಾಡಿದರು. ಎರಡು ಸಲವೂ ಬಂದದ್ದು ಶುದ್ಧ ಗಂಧಾರವೇ.

"ಆಗವಲ್ದವಾ. ಕಿವ್ಯಾಗ ನಿನ್ನ ಪೇಟೀನ ಕುಂತೈತಿ," ಎಂದರು. ಮತ್ತೆ, "ನನ್ನ ಸಮಾಧಾನಕ್ಕ ಹಂಗ ಅನಬ್ಯಾಡ ತಂಗಿ. ತಪ್ಪಂದ್ರ ತಪ್ಪ," ಎಂದು ನಕ್ಕರು.

ನನ್ನ ಮಾತನ್ನು ಅವರು ನಂಬಲೇ ಇಲ್ಲ. ಹದಿನೇಳರ ಹುಡುಗಿಯನ್ನು ಅಷ್ಟು ನಂಬಿದವರು ಇದನ್ನು ನಂಬಲಿಲ್ಲ. ಮರುವರ್ಷ ತೀರಿಕೊಂಡರು, ತಮ್ಮ ಆಯುಷ್ಯದ ಹಾಡೆಲ್ಲ ತಪ್ಪು ಎಂದುಕೊಂಡೇ.

ಆಮೇಲೆ ನಾನು ಮಾಡಿದ್ದೆಲ್ಲ ಆ ಒಂದು ಸ್ವರದ ಹುಡುಕಾಟ. ವಯೊಲಿನ್‌ನವರಿಗೆ ಇನ್ನೊಂಚೂರು ಇಳಿಸಿ ಎನ್ನುತ್ತೇನೆ, ಹಾಡುವವರಿಗೆ ಏರಿಸಿ ಎನ್ನುತ್ತೇನೆ. ಇಲ್ಲ, ಇದಲ್ಲ... ಹೀಗೆ ಸ್ವರಗಳ ನಡುವೆ ತಡಕಾಡುವುದೇ ನನ್ನ ಛಾಪು ಎಂದು ಪತ್ರಿಕೆಯವರು ಬರೆಯುತ್ತಾರೆ. ಕಾಕಾ ಹಾಡುತ್ತಿದ್ದ ಆ ಸ್ವರ ಇವತ್ತಿನವರೆಗೆ ಒಮ್ಮೆಯೂ ಬಂದಿಲ್ಲ. ಬರುತ್ತದೆ ಎಂಬ ಆಸೆಯೂ ನನಗೀಗ ಉಳಿದಿಲ್ಲ.

ವೇದಿಕೆಯಲ್ಲಿ ಮೈಕ್ ಕೈಗೆ ಬಂದಾಗ ಘಾಟ್ಕೋಪರಿನ ಗುರುಗಳ ಹೆಸರು ಹೇಳಿದೆ. ಚಪ್ಪಾಳೆ ಬಿತ್ತು. ಕಾಕಾ ಹೆಸರು ಹೇಳಿದ್ದರೆ ನಾನು ಮಾಡಿದ್ದನ್ನೂ ಹೇಳಬೇಕಾಗುತ್ತಿತ್ತು. ಅಷ್ಟು ಧೈರ್ಯ ನನ್ನಲ್ಲಿರಲಿಲ್ಲ.

ಮನೆಗೆ ಬಂದು ಒಂದು ಹಳೆಯ ಕ್ಯಾಸೆಟ್ ಹಾಕಿದೆ. ಅವರ ದನಿ ಅಂತ ಉಳಿದಿರುವುದು ಅದೊಂದೇ. ತಿದ್ದಿ ಮುಗಿಸಿದ ಹೆಮ್ಮೆಗೆ ನಾನೇ ಮಾಡಿಟ್ಟುಕೊಂಡ ರೆಕಾರ್ಡಿಂಗ್. ಅದಕ್ಕಿಂತ ಮೊದಲಿನ ಹಾಡನ್ನು ಯಾರೂ ಹಿಡಿದಿಟ್ಟಿಲ್ಲ. ಇದರಲ್ಲಿ ಗಂಧಾರ ಕೂದಲೆಳೆಯಷ್ಟೂ ಆಚೀಚೆ ಹೋಗುವುದಿಲ್ಲ. ಹಾಡು ಮುಗಿದ ಮೇಲೆ ಕಾಕಾ ಕೇಳುತ್ತಾರೆ, "ಈಗ ಬರೋಬರಿ ಆತೇನವಾ?"

"ಹೂಂ ಕಾಕಾ," ಎನ್ನುತ್ತದೆ ನನ್ನ ದನಿ. "ಈಗ ಸರಿಯಾಯ್ತು."