ಅತ್ತೆಯ ಕಣ್ಣು

ನನ್ನ ಅತ್ತೆಯ ಬಲ ಅಂಗೈಯ ನಡುವೆ ಗೆರೆಗಳೇ ಇರಲಿಲ್ಲ. ಚರ್ಮ ಸವೆದು ಸವೆದು, ಎಣ್ಣೆ ಸವರಿದ ಮಣೆಯ ಹಾಗೆ ಹೊಳೆಯುತ್ತಿತ್ತು. ಮೂವತ್ತಕ್ಕೂ ಹೆಚ್ಚು ಬೇಸಿಗೆ ಶಾವಿಗೆ ಹೊಸೆದ ಕೈ ಅದು. ಇಳಿಜಾರಾಗಿ ಇಟ್ಟ ಮಣೆಯ ಮೇಲೆ ರವೆಯ ಕಣಕದ ಉಂಡೆ ಇಟ್ಟು ಅಂಗೈಯಿಂದ ಕೆಳಕ್ಕೆ ನೀವಿದರೆ ಅದು ಎಳೆಯಾಗಿ ಜಾರಿ ಬರುತ್ತಿತ್ತು. ಕೆಳಗೆ ಕುಳಿತು ಆ ಎಳೆ ಹಿಡಿದು ಕೋಲಿಗೆ ಹಾಕುವುದು ನನ್ನ ಕೆಲಸ. ಎಳೆ ಎಷ್ಟು ಸಣ್ಣದಿರುತ್ತಿತ್ತೆಂದರೆ, ಬೆರಳಿಗೆ ತಾಗಿದಾಗಲೇ ಅದು ಬಂತೆಂದು ತಿಳಿಯುತ್ತಿತ್ತು.

ನಾನು ಧಾರವಾಡದಿಂದ ಮದುವೆಯಾಗಿ ಪುಣೆಗೆ ಬಂದಾಗ ನನಗೆ ಹದಿನಾರು ವರ್ಷ. ನಾರಾಯಣ ಪೇಟೆಯಲ್ಲಿ ಹಲವು ಬಿಡಾರಗಳಿದ್ದ ಒಂದು ವಾಡೆಯಲ್ಲಿ ನಮ್ಮದು ಮೇಲಿನ ಎರಡು ಕೋಣೆ, ಒಂದು ಅಡಿಗೆಮನೆ, ಅಡಿಗೆಮನೆಗೆ ಅಂಟಿಕೊಂಡ ಸಣ್ಣ ಉಗ್ರಾಣ. ಯಜಮಾನರಿಗೆ ಊರಿನ ದಂಡುಪ್ರದೇಶವಾದ ಲಷ್ಕರಿನ ಒಂದು ಕಚೇರಿಯಲ್ಲಿ ಗುಮಾಸ್ತಿಕೆ. ಅತ್ತೆ ಬೆಳಗಾವಿಯ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ಇದ್ದೊಬ್ಬ ಮಗನನ್ನು ಆ ವಾಡೆಯಲ್ಲೇ ಬೆಳೆಸಿದ್ದರು. ಅಷ್ಟು ವರ್ಷ ಅಲ್ಲಿದ್ದರೂ ಅವರ ಮರಾಠಿಯ ಕೊನೆಗೆ ನಮ್ಮ ‘ರೀ’ ಅಂಟಿಕೊಂಡೇ ಇರುತ್ತಿತ್ತು. ವಾಡೆಯ ಒಡತಿ, ಎಲ್ಲರೂ ಬಾಯಿ ಎಂದು ಕರೆಯುತ್ತಿದ್ದವರು, ಅದನ್ನು ಅಣಕಿಸಿದರೆ ಇವರೂ ನಗುತ್ತಿದ್ದರು.

ಯುಗಾದಿ ಮುಗಿದ ಮರುದಿನವೇ ಅತ್ತೆ ಸೆರಗು ಬಿಗಿದು ಇಡೀ ಮನೆಯನ್ನು ತಲೆಕೆಳಗು ಮಾಡುತ್ತಿದ್ದರು. ಹಾಸಿಗೆಗಳು ಗಚ್ಚಿಯ ಬಿಸಿಲಿಗೆ ಏರುತ್ತಿದ್ದವು. ಬೇಳೆಕಾಳಿನ ಡಬ್ಬಿಗಳೆಲ್ಲ ಖಾಲಿಯಾಗಿ, ತೊಳೆದು, ಒಣಗಿ, ಮತ್ತೆ ತುಂಬುತ್ತಿದ್ದವು. ಅಡಿಗೆಮನೆಯ ಮಸಿ ಹಿಡಿದ ಗೋಡೆಗೆ ತಾವೇ ಸುಣ್ಣ ಬಳಿಯುತ್ತಿದ್ದರು. ಆಮೇಲೆ ಹಪ್ಪಳ, ಸಂಡಿಗೆ, ಶಾವಿಗೆ, ಕೊನೆಗೆ ಉಪ್ಪಿನಕಾಯಿ. ‘ಬ್ಯಾಸಿಗಿ ಹದಿನೈದು ದಿನ ಮೈ ಮುರದು ದುಡದ್ರ ವರ್ಷೆಲ್ಲಾ ಕೂತು ಉಣಬಹುದು’ ಎಂದು ಹೇಳುತ್ತಿದ್ದರು. ಅವರು ಕೂತು ಉಂಡದ್ದನ್ನು ಮಾತ್ರ ನಾನು ಕಾಣಲಿಲ್ಲ.

ಮೊದಲ ಬೇಸಿಗೆಯಲ್ಲಿ ನನ್ನನ್ನೂ ಮಣೆಯ ಮುಂದೆ ಕೂರಿಸಿದರು. ತವರಿನಲ್ಲಿ ನಾನು ಪುಸ್ತಕ ಹಿಡಿದವಳೇ ಹೊರತು ಮಣೆ ಹಿಡಿದವಳಲ್ಲ. ನನ್ನ ಎಳೆಗಳು ದಪ್ಪಗೆ, ಗಂಟುಗಂಟಾಗಿ ಬಂದವು. ಅತ್ತೆ ಅದರಲ್ಲೊಂದನ್ನು ಎತ್ತಿ ಹಿಡಿದು, ಗಚ್ಚಿಯ ಮೇಲೆ ಕೂತಿದ್ದ ನಾಲ್ಕು ಮನೆಯ ಹೆಂಗಸರಿಗೆ ತೋರಿಸಿದರು.

‘ನೋಡ್ರಿ, ನಮ್ಮ ಸೊಸಿ ಎತ್ತಿಗೆ ಕಟ್ಟೋ ಹಗ್ಗ ಹೊಸದಾಳ!’

ಎಲ್ಲರೂ ನಕ್ಕರು. ಅತ್ತೆ ತಮಾಷೆಗೆ ಅಂದದ್ದು, ಮರೆತೂಬಿಟ್ಟರು. ನಾನು ಮರೆಯಲಿಲ್ಲ. ಅಂದಿನಿಂದ ಉಗ್ರಾಣದ ಬೀಗದ ಕೈ, ಒಲೆಯ ಮುಂದಿನ ಜಾಗ, ಏನು ಅಡಿಗೆ ಎಂದು ನಿರ್ಧರಿಸುವ ಮಾತು, ಎಲ್ಲ ಅವರದೇ ಎನ್ನುವುದು ನನ್ನನ್ನು ಚುಚ್ಚತೊಡಗಿತು.

ಅವರು ಕೆಟ್ಟವರಾಗಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು. ಎರಡನೆಯ ವರ್ಷ ನನ್ನ ಮೊದಲ ಬಸಿರು ಮೂರು ತಿಂಗಳಿಗೇ ಇಳಿದುಹೋಯಿತು. ವಾಡೆಯ ಅಂಗಳದ ನೀರಿನ ತೊಟ್ಟಿ, ಹೌದದ ಬಳಿ ನೀರು ತುಂಬುವಾಗ ಯಾರೋ, ಹುಡುಗಿಯ ಕಾಲ್ಗುಣ ಸರಿಯಿಲ್ಲವೇನೋ ಎಂದರಂತೆ. ಅತ್ತೆ ಕೊಡ ಕೆಳಗಿಟ್ಟು, ‘ನನ್ನ ಸೊಸಿ ಬಗ್ಗೆ ಮಾತಾಡೋದಿದ್ರ ನನ್ನ ಮುಂದ ಆಡ್ರಿ’ ಎಂದು ಮರಾಠಿಯಲ್ಲಿ ಅಷ್ಟೂ ಜನರಿಗೆ ಕೇಳುವಂತೆ ಗದರಿದರು. ಮೇಲೆ ಮಲಗಿದ್ದ ನನಗೂ ಕೇಳಿಸಿತು. ನಲವತ್ತು ದಿನ ನನಗೆ ಒಂದು ತಂಬಿಗೆಯನ್ನೂ ಎತ್ತಗೊಡಲಿಲ್ಲ.

ನಾನು ಬಂದ ಐದನೆಯ ಬೇಸಿಗೆ ಅದು. ಮಗಳು ಹುಟ್ಟಿ ಆರು ತಿಂಗಳಾಗಿತ್ತು. ಗಚ್ಚಿಯ ಮೇಲೆ ಹಳೆಯ ಧೋತರ ಹಾಸಿ ಅತ್ತೆ ಸಾಲಾಗಿ ಸಂಡಿಗೆ ಇಟ್ಟಿದ್ದರು. ಕೆಲಸ ಮುಗಿಸಿ ಎದ್ದವರು ನಾಲ್ಕು ಹೆಜ್ಜೆ ನಡೆದು, ತಾವೇ ಆಗಷ್ಟೇ ಇಟ್ಟ ಪಕ್ಕದ ಸಾಲಿನ ಮೇಲೆ ಕಾಲಿಟ್ಟರು. ತುಳಿದದ್ದು ತಿಳಿದು ನಿಂತರು. ಅಂಗಾಲಿಗೆ ಅಂಟಿದ ಹಿಟ್ಟನ್ನು ನೋಡಿದರು. ಆಮೇಲೆ ಸುತ್ತ ತಿರುಗಿ, ಯಾರಾದರೂ ಕಂಡರೇನೋ ಎಂದು ನೋಡಿದರು. ಬಾಗಿಲಲ್ಲಿ ನಾನು ನಿಂತಿದ್ದೆ. ಎರಡು ಸಲ ಅವರ ಮುಖ ನನ್ನ ಕಡೆ ತಿರುಗಿ ಹಾಗೇ ದಾಟಿಹೋಯಿತು. ಮೂರನೆಯ ಸಲ, ನೇರ ನನ್ನತ್ತ ತಿರುಗಿದಾಗ, ಅವರಿಗೆ ನಾನು ಕಂಡೆ.

‘ಯಾವಾಗ ಬಂದಿ?’

‘ಈಗ ಬಂದೇರಿ ಅತ್ಯಾರ. ಕಣ್ಣು ಕಾಣಸೂದಿಲ್ಲೇನ್ರಿ ನಿಮಗ?’

ಅವರು ನನ್ನ ಕೈ ಹಿಡಿದು ಕೆಳಗೆ ಕೂರಿಸಿಕೊಂಡರು. ‘ಮುಂದಿಂದು ಕಾಣಸ್ತದ. ಆಜೂಬಾಜೂ ಇದ್ದದ್ದು ಕಾಣಸೂದಿಲ್ಲ. ಸಂಜೀಕ ದೀಪದ ಸುತ್ತ ಬಣ್ಣಬಣ್ಣದ ಬಳಿ ಕಂಡಂಗ ಆಗ್ತದ. ಒಂದು ವರ್ಷ ಆತು.’

‘ಅವರಿಗೆ ಹೇಳೂಣ್ರಿ. ಡಾಕ್ಟರಿಗೆ ತೋರಸ್ತಾರ.’

‘ಬ್ಯಾಡ!’ ಹಿಡಿದ ಕೈ ಬಿಗಿಯಾಯಿತು. ‘ನಮ್ಮತ್ತಿಗೆ ಕಣ್ಣು ಹೋಗಿದ್ವು. ಮೂಲ್ಯಾಗ ಕೂಡಿಸಿ ಇಷ್ಟು ಅನ್ನ ಹಾಕತಿದ್ರು. ಒಲಿ ಮುಂದಿಂದ ಎದ್ದಮ್ಯಾಲೆ ನನಗ ಈ ಮನ್ಯಾಗ ಏನದ? ನೀ ಯಾರ ಮುಂದೂ ಹೇಳಬ್ಯಾಡ. ನನ್ನ ಮಗನ ಮುಂದ ಅಂತೂ ಹೇಳಲೇಬ್ಯಾಡ. ಆಣಿ ಮಾಡು.’

ಆಣೆ ಮಾಡಿದೆ. ಅಷ್ಟರ ಮಟ್ಟಿಗೆ ನನ್ನ ಮೇಲೆ ತಪ್ಪು ಹೊರಿಸಿಕೊಳ್ಳಲಾರೆ. ಆದರೆ ಮುಂದೆ ಆಣೆಯನ್ನು ಉಳಿಸಿಕೊಂಡದ್ದು ಅವರಿಗಾಗಿ ಅಲ್ಲ.

ಕಣ್ಣು ಮಂಜಾದಂತೆ ಮನೆಯ ಒಂದೊಂದೇ ಕೆಲಸ ಸದ್ದಿಲ್ಲದೆ ನನ್ನ ಕಡೆಗೆ ಸರಿಯತೊಡಗಿತು. ಮೊದಲು ಕಾಳು ಆರಿಸುವುದು. ಆಮೇಲೆ ಮಸಾಲೆಯ ಅಳತೆ. ಒಂದು ದಿನ ಬೀಗದ ಕೈಯನ್ನು ತಾವಾಗಿಯೇ ಬಿಚ್ಚಿ, ‘ಇದು ನಿನ್ನ ಕಡೀನ ಇರಲಿ’ ಎಂದರು. ಅಂದು ನಾನು ಬೇಕೆಂದೇ ಮೂರು ಸಲ ಉಗ್ರಾಣ ತೆರೆದು ಮುಚ್ಚಿದೆ. ಮರುವರ್ಷದ ಬೇಸಿಗೆಯಲ್ಲಿ ಏನು, ಎಷ್ಟು, ಯಾವಾಗ ಎಂದು ಹೇಳುವವಳು ನಾನಾದೆ. ಅತ್ತೆ ಶಾವಿಗೆ ಮಾತ್ರ ಹೊಸೆಯುತ್ತಿದ್ದರು, ಅದಕ್ಕೆ ಕಣ್ಣು ಬೇಕಿರಲಿಲ್ಲ. ಒಡತಿ ಬಾಯಿಯವರು ನನ್ನ ಉಪ್ಪಿನಕಾಯಿಯ ರುಚಿ ನೋಡಿ, ಸೊಸೆ ಅತ್ತೆಯನ್ನೂ ಮೀರಿಸಿದಳು ಎಂದರು. ಅತ್ತೆ ಅಲ್ಲೇ ಕೂತಿದ್ದರು. ನಾನು ಆ ಮಾತನ್ನು ಅಲ್ಲಗಳೆಯಲಿಲ್ಲ.

ಯಜಮಾನರು ಕಚೇರಿಯ ಕೆಲಸದಲ್ಲಿ ಮುಳುಗಿರುತ್ತಿದ್ದರೂ ಕುರುಡರಲ್ಲ. ಒಂದು ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತ ಕೇಳಿದರು.

‘ಏ, ಅವ್ವ ಯಾಕ ಇತ್ತಿತ್ಲಾಗ ಎಲ್ಲಾದಕ್ಕೂ ಹಾಯತಾಳ? ನಿನ್ನೆ ಬಾಗಲಾ ಬಡಕೊಂಡ್ಲು. ಕಣ್ಣಿಂದೇನರ ಇರಬಹುದೇನು? ಲಷ್ಕರದಾಗ ಒಬ್ಬ ಚೊಲೊ ಡಾಕ್ಟರ್ ಇದ್ದಾನ.’

ಹೇಳುವುದಿದ್ದರೆ ಅದೇ ಹೊತ್ತು. ಅವರೇ ಕೇಳಿದ್ದರು, ನಾನು ಹೂಂ ಅಂದಿದ್ದರೂ ಸಾಕಿತ್ತು, ಆಣೆಯೂ ಮುರಿಯುತ್ತಿರಲಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಡಾಕ್ಟರು ನೋಡಿ, ಔಷಧ ಕೊಟ್ಟು, ಅತ್ತೆ ಮತ್ತೆ ಮೊದಲಿನಂತಾಗಿ ಒಲೆಯ ಮುಂದೆ ಕೂತ ಚಿತ್ರ ಒಂದು ಕ್ಷಣ ಕಣ್ಣ ಮುಂದೆ ಬಂತು.

‘ವಯಸ್ಸಾತಲ್ರೀ’ ಎಂದೆ. ‘ಕಣ್ಣು ಛಂದ ಅವ. ಮನ್ನೆ ಶಾವಿಗಿ ಎಷ್ಟು ಸಣ್ಣ ಹೊಸದಾರ ನೋಡೀರಲ್ಲ.’

ಅವರು ನಂಬಿ ಕಚೇರಿಗೆ ಹೋದರು.

ಅದಾಗಿ ಎರಡು ವರ್ಷಕ್ಕೆ, ಬೇಸಿಗೆಯ ಮೊದಲಲ್ಲೇ, ಸಂಡಿಗೆಯ ಹಿಟ್ಟು ಕುದಿಯುತ್ತಿತ್ತು. ಯುದ್ಧದ ಕಾಲ, ರೇಶನ್ನಿನ ಅಕ್ಕಿ. ಒಂದು ಹಿಡಿಯೂ ಹಾಳಾಗಬಾರದೆಂದು ಅತ್ತೆ ನೆರವಾಗಲು ಬಂದು ಒಲೆಯ ಬಳಿ ಕೂತಿದ್ದರು. ಸೌಟಿಗಾಗಿ ಕೈ ಚಾಚಿದವರು ಪಕ್ಕದಲ್ಲಿದ್ದ ಪಾತ್ರೆ ಕಾಣದೆ ಎಡಗೈಯನ್ನು ಮಣಿಕಟ್ಟಿನವರೆಗೆ ಕುದಿಯುವ ಹಿಟ್ಟಿನೊಳಗೆ ಇಟ್ಟರು. ಅವರ ಚೀತ್ಕಾರ ಕೇಳಿ ಕೆಳಗಿನವರೆಲ್ಲ ಓಡಿಬಂದರು.

ಸುಟ್ಟ ಕೈ ಮಾಯಿತು. ಆದರೆ ಟಾಂಗಾದಲ್ಲಿ ಲಷ್ಕರಿಗೆ ಹೋದಾಗ ಡಾಕ್ಟರು ಕೈಗಿಂತ ಹೆಚ್ಚು ಹೊತ್ತು ಕಣ್ಣು ನೋಡಿದರು. ಇದು ಪೊರೆಯಲ್ಲ, ಪೊರೆಯಾಗಿದ್ದರೆ ತೆಗೆದು ದೃಷ್ಟಿ ಕೊಡಬಹುದಿತ್ತು ಎಂದರು. ಒಳಗೆ ಒತ್ತಡ ಹೆಚ್ಚಿ ಕಣ್ಣಿನ ನರ ಸತ್ತಿದೆ. ಹೋದದ್ದು ಬರುವುದಿಲ್ಲ. ಎರಡು ವರ್ಷದ ಹಿಂದೆ ಕರೆತಂದಿದ್ದರೆ ಉಳಿದದ್ದನ್ನಾದರೂ ಉಳಿಸಲು ನೋಡಬಹುದಿತ್ತು.

ಯಜಮಾನರು ನನ್ನ ಕಡೆ ತಿರುಗಿದರು. ‘ದಿನಾ ಜೋಡಿಗೆ ಇರತಿದ್ದಿ. ನಿನಗ ಗೊತ್ತಾಗಲಿಲ್ಲೇನು?’

ಅತ್ತೆ ಅಂದರು, ‘ಅಕಿಗೆ ಯಾಕ ಅಂತೀಯೋ? ನಾನs ಯಾರಿಗೂ ಗೊತ್ತಾಗಧಂಗ ಮಾಡಿದ್ದೆ. ಕೂಸು ಕಟಗೊಂಡು ಅಕಿ ಏನೇನ ನೋಡಬೇಕು?’

ಮನೆಗೆ ಬರುವವರೆಗೂ ಟಾಂಗಾದಲ್ಲಿ ಅವರ ಪಕ್ಕ ಕೂತಿದ್ದೆ. ಅವರು ಬ್ಯಾಂಡೇಜು ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಬೀದಿಯ ಸದ್ದು ಕೇಳುತ್ತಿದ್ದರು.

ವರ್ಷದೊಳಗೆ ಪೂರಾ ಕತ್ತಲಾಯಿತು. ಆಮೇಲೆ ನಾನು ಅವರನ್ನು ನೋಡಿಕೊಂಡೆ. ಮೂಲೆಯಲ್ಲಿ ಕೂರಿಸಲಿಲ್ಲ, ಒಲೆಯ ಪಕ್ಕದಲ್ಲೇ ಮಣೆ ಹಾಕಿದೆ. ಅಂಗಾಲಿನಲ್ಲಿ ಮುರಿದ ಮುಳ್ಳಿನಂತೆ ಮನಸ್ಸಿನಲ್ಲಿ ಸಿಕ್ಕಿಕೊಂಡದ್ದನ್ನು ಸೇವೆಯಿಂದ ತೆಗೆಯಬಹುದೆಂದು ನಂಬಿದ್ದೆ. ತಲೆ ಬಾಚಿದೆ, ಊಟಕ್ಕೆ ಕೂರಿಸಿ ಯಾವುದು ಎಲ್ಲಿದೆ ಎಂದು ಹೇಳಿದೆ, ಕೈ ಹಿಡಿದು ಓಂಕಾರೇಶ್ವರದ ಗುಡಿಯವರೆಗೆ ನಡೆಸಿದೆ. ಅವರು ನನ್ನ ಮಗಳಿಗೆ ಶಾವಿಗೆ ಹೊಸೆಯಲು ಕಲಿಸಿದರು. ಅವಳ ಎಳೆ ದಪ್ಪ ಬಂದರೆ, ‘ಇರಲಿ ಬಿಡು, ಹೊಟ್ಟ್ಯಾಗ ಹೋದ್ರ ಎಲ್ಲಾ ಒಂದs’ ಎನ್ನುತ್ತಿದ್ದರು.

ಕೊನೆಯ ಕಾಯಿಲೆಯಲ್ಲಿ ಒಂದು ಮಧ್ಯಾಹ್ನ, ಬೇರೆ ಯಾರೂ ಇಲ್ಲದಾಗ, ನಾನೇ ಬಾಯಿಬಿಟ್ಟೆ. ಮಗ ಕೇಳಿದ್ದನ್ನು, ನಾನು ಹೇಳಿದ ಸುಳ್ಳನ್ನು, ಯಾಕೆ ಹೇಳಿದೆ ಎಂಬುದನ್ನೂ ಹೇಳಿದೆ. ಅತ್ತೆ ಮುಖವನ್ನು ನನ್ನ ಕಡೆ ಹೊರಳಿಸಿದರು.

‘ಅವತ್ತು ಅವ ಕೇಳಿದ್ದು ನನಗ ಕೇಳಿಸಿತ್ತವ್ವಾ’ ಎಂದರು. ‘ಹೊರಗ ಪಡಸಾಲ್ಯಾಗ ಇದ್ದೆ. ಹೇಳಬ್ಯಾಡ ಅಂತ ಆಣಿ ಮಾಡಿಸಿಕೊಂಡಾಕಿ ನಾನs. ಖರೆ. ಆದ್ರ ಅವತ್ತು ನೀ ಹೇಳಿಬಿಡಲಿ ಅಂತ ಉಸರು ಹಿಡದು ನಿಂತಿದ್ದೆ.’

ಅಷ್ಟು ಹೇಳಿ ನೀರು ಕೇಳಿದರು. ಕುಡಿಸಿದೆ. ಆ ಮಾತು ಮತ್ತೆ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹನ್ನೊಂದು ದಿನ ಇದ್ದು ಹೋದರು.

ವೈಕುಂಠ ಸಮಾರಾಧನೆಯ ದಿನ ಬೆಳಗಾವಿಯಿಂದ, ಧಾರವಾಡದಿಂದ ನೆಂಟರು ಬಂದಿದ್ದರು. ಪಂಕ್ತಿಯಲ್ಲಿ ಯಜಮಾನರು ಎಲ್ಲರ ಮುಂದೆ, ‘ನಮ್ಮವ್ವನ ಕಣ್ಣು ಹೋದಮ್ಯಾಲೆ ಇಕೀನೇ ಅಕಿ ಕಣ್ಣಾಗಿದ್ಲು’ ಎಂದರು. ಹಿರಿಯರೊಬ್ಬರು ಸೊಸೆ ಅಂದ್ರೆ ಹೀಗಿರಬೇಕು ಎಂದು ತಲೆದೂಗಿದರು.

ನಾನು ತುಪ್ಪದ ಗಿಂಡಿ ಹಿಡಿದು ನಿಂತಿದ್ದೆ. ತಲೆ ತಗ್ಗಿಸಿ ಮುಂದಿನ ಎಲೆಗೆ ಬಡಿಸಿದೆ.